ಕೋವಿಯ ಜೀರ್ಣೋದ್ಧಾರ

ಒಂದು ಕಾಲದಲ್ಲಿ ತಾಲ್ಲೂಕು ಖಜಾನೆಯ ಬಾಗಿಲಲ್ಲಿ ಪಹರೆ ನಿಂತ ಪೇದೆಯ ಹೆಗಲ ಮೇಲೆ ಕಾಣುತ್ತಿದ್ದ ‘ತ್ರೀ ನಾಟ್ ತ್ರೀ’ ಬಂದೂಕನ್ನು ಹಿರಿಯರು ಮರೆತಿರಲಾರರು. ಅದರ ನಿಜನಾಮ ಲೀ-ಎನ್‌ಫೀಲ್ಡ್. ಅದರ ಬೋಲ್ಟನ್ನು ರೂಪಿಸಿದ ಜೇಮ್ಸ್ ಪ್ಯಾರಿಸ್ ಲೀಯ ಹೆಸರೂ ಲಂಡನ್ ಬಳಿಯ ಎನ್‌ಫೀಲ್ಡ್ ಕಾರ್ಖಾನೆಯ ಹೆಸರೂ ಕೂಡಿ ಆದದ್ದು ಅದು. 1907ರಲ್ಲಿ ಅಂಗೀಕೃತವಾದ ಮಾರ್ಕ್ 3 ಮಾದರಿಯು ಬಂಗಾಳದ ಈಶಾಪುರದಲ್ಲಿಯೂ ತಯಾರಾಗಿ, ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರ ಕೈಸೇರಿತು.

ಎರಡನೆಯ ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಈ ಕೋವಿಗಳು ಅಮೆರಿಕ, ಕೆನಡಾಗಳಲ್ಲಿ ಅಗ್ಗವಾಗಿ ಮಾರಾಟವಾದವು. ಕೊಂಡ ಬೇಟೆಗಾರರು ಭಾರ ತಗ್ಗಿಸಲೆಂದು, ಮೂತಿಯವರೆಗೂ ನಳಿಗೆಯನ್ನು ಹೊದ್ದಿದ್ದ ಮರವನ್ನು ಗರಗಸದಿಂದ ಕೊಯ್ದರು. ಬಯೋನೆಟ್ ಸಿಕ್ಕಿಸುವ ಲೋಹದ ಟೋಪಿಯನ್ನು ಕಿತ್ತೆಸೆದರು. ಭಾರತದಲ್ಲಿ ಈ ಪರಿ ನಡೆಯಲಿಲ್ಲ. ಸೈನ್ಯದ ತೋಟಾ ಹಿಡಿಸುವ ಕೋವಿ ಪ್ರಜೆಗಳ ಕೈಗೆ ಹೋಗಬಾರದೆಂಬುದು ಬ್ರಿಟಿಷರ ನಿಯಮವಾಗಿತ್ತು. ಆದುದರಿಂದಲೇ ಈಶಾಪುರದವರು ಅದೇ ಯಂತ್ರರಚನೆಯ ಮೇಲೆ .315 ಅಳತೆಯ ಬೇಟೆಯ ಕೋವಿಯನ್ನು ಬೇರೆಯಾಗಿ ತಯಾರಿಸಿದರು.

ಅಂದು ಕಸವೆಂದು ಬಿಸುಟ ಮರದ ತುಂಡುಗಳನ್ನು ಇಂದು ಹವ್ಯಾಸಿಗಳು ಹುಡುಕಿ ತಂದು, ಕೋವಿಗೆ ಮೊದಲಿನ ರೂಪ ಕೊಡುತ್ತಿದ್ದಾರೆ. ಈ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ನಳಿಗೆಯನ್ನು. ಅದರ ಉದ್ದ 25.2 ಅಂಗುಲವಿದ್ದರೆ ಕೋವಿ ಬದುಕಿದೆ ಎಂದರ್ಥ. ನಳಿಗೆಯನ್ನೇ ಮೊಟಕು ಮಾಡಿದ್ದರೆ ಹೊಸ ನಳಿಗೆ ಹಾಕದೆ ಮೂಲರೂಪ ಬಾರದು. ಬಿಚ್ಚುವುದಕ್ಕೂ ಒಂದು ಕ್ರಮವುಂಟು. ಹಿಂಬದಿಯ ಮರವನ್ನು ಹಿಡಿದ ಉದ್ದನೆಯ ಬೋಲ್ಟಿನ ಚೌಕ ತುದಿಯು ಮುಂಬದಿಯ ಮರದೊಳಕ್ಕೆ ಚಾಚಿರುತ್ತದೆ. ಮುಂಬದಿಯ ಮರವನ್ನು ಮೊದಲು ತೆಗೆಯದೆ ಆ ಬೋಲ್ಟನ್ನು ತಿರುಗಿಸಿದರೆ ಮರ ಸೀಳಿಹೋದೀತು. ಹೊಸದಾಗಿ ಕೂಡಿಸಿದ ಮರವೂ ಹಿಂಭಾಗದಲ್ಲಿ ಎರಡು ಕಡೆಯೂ ಲೋಹಕ್ಕೆ ಸಮನಾಗಿ ಒತ್ತಿ ಕೂರಬೇಕು. ಗುಂಡು ಹಾರಿದಾಗಿನ ಒದೆತವನ್ನು ತಡೆಯುವುದು ಆ ಜಾಗವೇ. ಎಲ್ಲ ಹೊಂದಿದ ಮೇಲೆ ಮರಕ್ಕೆ ಅಗಸೆಯೆಣ್ಣೆ ತಿಕ್ಕಿದರೆ ಹಳೆಯ ಕಾಂತಿ ಮರಳುತ್ತದೆ.

ಆದರೆ ರೂಪ ಮರಳಿತೆಂದ ಮಾತ್ರಕ್ಕೆ ಚರಿತ್ರೆ ಮರಳೀತೆ? ಕೋವಿಯ ಮೈಮೇಲಿನ ಸಂಖ್ಯೆ, ಇಸವಿ, ಮುದ್ರೆಗಳೇ ಅದರ ಜಾತಕ. ಬೇರೆ ಕೋವಿಯಿಂದ ತಂದ ಭಾಗದ ಸಂಖ್ಯೆಯನ್ನು ಅರೆದು ಅಳಿಸಿ, ಹೊಂದುವ ಸಂಖ್ಯೆಯನ್ನು ಹೊಸದಾಗಿ ಕೊರೆದು, ‘ಅಪ್ಪಟ ಮೂಲ’ವೆಂದು ಮಾರುವವರೂ ಇಲ್ಲದಿಲ್ಲ. ದೇಗುಲದ ಜೀರ್ಣೋದ್ಧಾರವೆಂದು ಶಾಸನದ ಮೇಲೆ ಗಾರೆ ಬಳಿದಂತೆಯೇ ಇದು. ಯಾವ ಭಾಗ ಹಳೆಯದು, ಯಾವುದು ಈಚೆಗೆ ಸೇರಿದ್ದು ಎಂದು ಬರೆದಿಡುವವನೇ ನಿಜವಾದ ಉದ್ಧಾರಕ.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಬಂದೂಕು ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ಮನೆಯ ಪಡಸಾಲೆಯಲ್ಲಿ ಕುಳಿತು ಮಾಡುವ ಕೆಲಸವಲ್ಲ ಇದು. ಪರವಾನಗಿ ಪಡೆದ ಕಸುಬುದಾರನೂ ಗರಗಸದ ಗುರುತನ್ನೆಲ್ಲ ಅಳಿಸಲು ಹೊರಡಬೇಕಾಗಿಲ್ಲ. ಕಾರ್ಖಾನೆಯಲ್ಲಿಯೇ ಬೇಟೆಗಾಗಿ ಅಂದವಾಗಿ ತಯಾರಾದ ಲೀ ಕೋವಿಗಳೂ ಉಂಟು. ಅವುಗಳಿಗೆ ಸಿಪಾಯಿಯ ವೇಷ ತೊಡಿಸಿದರೆ ಅದು ಉದ್ಧಾರವಲ್ಲ, ಇನ್ನೊಂದು ಕೊಯ್ತವೇ ಸರಿ.