ಮೂರು ಫೈನಲ್ ಸೋತರೂ ಹಳದಿ ಜೆರ್ಸಿ ಬಿಡದವರು

ಅಂಗಡಿಯ ಸಾಮಾನು ಸರಿ ಇಲ್ಲದಿದ್ದರೆ ಗಿರಾಕಿ ಎರಡು ಸಲ ನೋಡ್ತಾನೆ, ಮೂರನೇ ಸಲ ಪಕ್ಕದ ಅಂಗಡಿಗೆ ಹೋಗ್ತಾನೆ. ಫುಟ್ಬಾಲ್ ಅಭಿಮಾನಿಯ ಲೆಕ್ಕ ಹಾಗಲ್ಲ. ಇದಕ್ಕೆ ಕೇರಳ ಬ್ಲಾಸ್ಟರ್ಸ್ ತಂಡದ ಬೆಂಬಲಿಗರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

2014ರಲ್ಲಿ ಐಎಸ್‌ಎಲ್ ಶುರುವಾದ ವರ್ಷವೇ ಬ್ಲಾಸ್ಟರ್ಸ್ ಫೈನಲ್ ತಲುಪಿತು. ಮುಂಬೈಯಲ್ಲಿ ಅಟ್ಲೆಟಿಕೊ ಡಿ ಕೋಲ್ಕತಾ ಕೊನೆಯ ಕ್ಷಣದ ಒಂದೇ ಗೋಲಿನಿಂದ ಕಪ್ ಕಿತ್ತುಕೊಂಡಿತು. 2016ರ ಫೈನಲ್ ಕೊಚ್ಚಿಯಲ್ಲೇ ನಡೆಯಿತು. ನಮ್ಮ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಾಫಿ ಹೆಡರ್‌ನಲ್ಲಿ ಗೋಲು ಹೊಡೆದರು. ಆದರೂ ಅದೇ ಕೋಲ್ಕತಾ ತಂಡ ಪೆನಾಲ್ಟಿಯಲ್ಲಿ 4-3ರಿಂದ ಗೆದ್ದಿತು.

ಮೂರನೆಯದು 2022ರ ಮಾರ್ಚ್ 20, ಗೋವಾದ ಫತೋರ್ಡಾ. ಕೊರೋನಾದಿಂದ ಬಾಗಿಲು ಮುಚ್ಚಿದ್ದ ಸ್ಟೇಡಿಯಂ ಫೈನಲ್‌ಗೆ ತೆರೆಯಿತು. ಕೇರಳದಿಂದ ರೈಲಲ್ಲಿ, ಬಸ್ಸಲ್ಲಿ, ಬೈಕಲ್ಲಿ ಜನ ಹೊರಟರು. ಎದುರಾಳಿ ಹೈದರಾಬಾದ್‌ನದ್ದೂ ಹಳದಿ ಜೆರ್ಸಿಯಾದ್ದರಿಂದ ಬ್ಲಾಸ್ಟರ್ಸ್ ಆಟಗಾರರು ಕಪ್ಪು ತೊಟ್ಟರು. ಗ್ಯಾಲರಿ ಮಾತ್ರ ಹಳದಿಯಾಗಿಯೇ ಇತ್ತು. ಪಂದ್ಯ 1-1. ಪೆನಾಲ್ಟಿಯಲ್ಲಿ ಗೋಲಿ ಲಕ್ಷ್ಮಿಕಾಂತ್ ಕಟ್ಟಿಮನಿ ಅಡ್ಡ ನಿಂತರು, ಹೈದರಾಬಾದ್ 3-1ರಿಂದ ಗೆದ್ದಿತು.

ಹೀಗಿದ್ದೂ ಯಾಕೆ ಹೋಗ್ತಾರೆ? ಕಾಸರಗೋಡಿನವರಿಗೆ ಕೊಚ್ಚಿಯ ಪಂದ್ಯವೂ ದೂರದ ಪ್ರಯಾಣವೇ. ಮಡಗಾಂವ್ ಕೂಡಾ ಹೆಚ್ಚುಕಮ್ಮಿ ಅಷ್ಟೇ ದೂರ. ರಾತ್ರಿ ಪಂದ್ಯ ಮುಗಿಸಿ, ರೈಲು ಹಿಡಿದು, ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು. ಇಷ್ಟು ಕಷ್ಟಪಟ್ಟ ಮೇಲೆ ತಂಡ ಸ್ವಂತದ್ದೇ ಆಗಿಬಿಡುತ್ತದೆ. ಸೋತ ರಾತ್ರಿ ಒಟ್ಟಿಗೆ ಚಾ ಕುಡಿದವರ ಸ್ನೇಹ ಗೆದ್ದ ದಿನದ ಗೌಜಿಗಿಂತ ಗಟ್ಟಿ. ಕಪ್ ಬಂದ ಮೇಲೆ ಸೇರಿಕೊಳ್ಳುವವರು ಬೇಕಾದಷ್ಟು ಇರ್ತಾರೆ; ಬಾರದಿದ್ದಾಗ ಇದ್ದವರೇ ತಂಡದ ಬಂಡವಾಳ.

ನಿಷ್ಠೆ ಅಂದ್ರೆ ಬಾಯಿ ಮುಚ್ಚಿ ಕೂರುವುದೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಸೋಲುಗಳು ಸಾಲಾಗಿ ಬಂದಾಗ ಅಭಿಮಾನಿಗಳ ಸಂಘಟನೆ 'ಮಂಜಪ್ಪಡ' ಕ್ಲಬ್ ಆಡಳಿತದ ವಿರುದ್ಧವೇ ಬಹಿರಂಗವಾಗಿ ಪ್ರತಿಭಟಿಸಿತು. ಆಟಗಾರರಿಗೆ ಬೆಂಬಲ, ಆಡಳಿತಕ್ಕೆ ಪ್ರಶ್ನೆ. ಎರಡನ್ನೂ ಬೇರೆ ಮಾಡಿ ನೋಡಲು ಬಂದರೆ ಮಾತ್ರ ಅದು ಕುರುಡು ಅಭಿಮಾನ ಆಗುವುದಿಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಖರ್ಚು ಯಾವತ್ತೂ ಬರಬಾರದು. 2022ರ ಫೈನಲ್ ದಿನವೇ, ಗೋವಾಕ್ಕೆ ಹೊರಟಿದ್ದ ಮಲಪ್ಪುರಂ ಜಿಲ್ಲೆಯ ಇಬ್ಬರು ಯುವಕರು ನಮ್ಮ ಉದುಮದಲ್ಲಿ ಬೈಕ್ ಅಪಘಾತಕ್ಕೆ ಬಲಿಯಾದರು. ತಂಡ ಮುಂದಿನ ವರ್ಷ ಮತ್ತೆ ಆಡ್ತದೆ, ಮನೆಗೆ ಹೋದ ಮಗ ಮತ್ತೆ ಬರುವುದಿಲ್ಲ. ದೂರದ ಪಂದ್ಯಕ್ಕೆ ಹೊರಡುವ ಮಕ್ಕಳು ರೈಲು ಟಿಕೆಟ್ ಮೊದಲೇ ಮಾಡಿಡಲಿ, ನಿದ್ದೆಗೆಟ್ಟು ಬೈಕ್ ಓಡಿಸುವುದು ಬೇಡ, ಸಾಲ ಮಾಡಿ ಹೋಗುವುದಂತೂ ಬೇಡ. ಸೋತ ತಂಡದ ಜೊತೆ ನಿಲ್ಲಬೇಕಾದರೆ, ಮೊದಲು ನಾವು ಸುರಕ್ಷಿತವಾಗಿ ಮನೆ ಸೇರಬೇಕು.