ಮಸಿ ಉರಿಯುತ್ತದೆ, ಬೂದಿ ಉರಿಯುವುದಿಲ್ಲ: ಡೀಸೆಲ್ ಗಾಡಿಯ ಆಯಿಲ್ ಆಯ್ಕೆ

ಸಟನ್ ಊರು ಲಂಡನ್ನಿನ ದಕ್ಷಿಣದ ಅಂಚಿನಲ್ಲಿದೆ. 1965ರವರೆಗೆ ಅದು ಸರ್ರೆ ಕೌಂಟಿಯ ಭಾಗವಾಗಿತ್ತು. ಈಗಲೂ ಎ217 ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಬ್ಯಾನ್‌ಸ್ಟೆಡ್ ಡೌನ್ಸ್‌ನ ಬಯಲು ಸಿಗುತ್ತದೆ, ಮುಂದೆ ರೈಗೇಟ್ ಗುಡ್ಡ, ಎಂ25 ಹೆದ್ದಾರಿ. ಅದರಾಚೆ ಸರ್ರೆ ಗುಡ್ಡಗಳ ಕೆಸರು ದಾರಿಗಳು. ಆದ್ದರಿಂದ ಇಲ್ಲಿನ ಮನೆಯ ಮುಂದೆ ಫೋರ್ ವೀಲ್ ಡ್ರೈವ್ ಡೀಸೆಲ್ ಗಾಡಿ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಗಾಡಿಯ ಒಡೆಯರು ಸಕಲೇಶಪುರದ್ದೋ ಸೋಮವಾರಪೇಟೆಯದೋ ತೋಟದ ಮನೆಯಲ್ಲಿ ಬೆಳೆದ ಕನ್ನಡಿಗರಾಗಿದ್ದರೆ, ಆಯಿಲ್ ಬಗ್ಗೆ ಅವರಲ್ಲಿ ಒಂದು ನಂಬಿಕೆ ಆಗಲೇ ಬೇರೂರಿರುತ್ತದೆ: ಗುಡ್ಡ ಹತ್ತುವ ಗಾಡಿಗೆ ಗಟ್ಟಿ ಆಯಿಲ್ ಬೇಕು. ತೋಟದ ಎಂಎಂ540 ಜೀಪು ವರ್ಷಾನುಗಟ್ಟಲೆ ಹಾಗೇ ಓಡಿತಲ್ಲ ಎಂಬುದು ಅವರ ಸಾಕ್ಷ್ಯ. ಆ ಜೀಪಿನ ಮಟ್ಟಿಗೆ ಅದು ಸರಿಯಾದ ಮಾತೇ. ಸಟನ್‌ನ ಗಾಡಿಗೆ ಅದೇ ಮಾತು ದುಬಾರಿಯಾಗುತ್ತದೆ.

ಮೊದಲು ಡಬ್ಬಿಯ ಮೇಲಿನ ಅಂಕಿಗಳು. 5ಡಬ್ಲ್ಯೂ-30 ಎಂದಾಗ ಮೊದಲ ಅಂಕಿ ಚಳಿಯ ನಡತೆಯನ್ನು ಹೇಳುತ್ತದೆ. 5ಡಬ್ಲ್ಯೂ ಆಯಿಲ್‌ನ ಪರೀಕ್ಷೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ನಡೆಯುತ್ತದೆ, 15ಡಬ್ಲ್ಯೂ ಆಯಿಲ್‌ನದು 20 ಡಿಗ್ರಿ ಕೆಳಗೆ. ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಗಟ್ಟಿ ಎಂಬುದರ ದರ್ಜೆ. 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ, 40 ಎಂದರೆ 12.5ರಿಂದ 16.3ರ ಒಳಗೆ. ವ್ಯಾಖ್ಯಾನ ಇಷ್ಟೇ. ಎಡವುವುದು ಇದನ್ನು ಊರಿನ ಹವೆಗೆ ಹೊಂದಿಸಲು ಹೋದಾಗ. 2022ರ ಜುಲೈ 19ರಂದು ಹೀಥ್ರೂವಿನಲ್ಲಿ 40.2 ಡಿಗ್ರಿ ದಾಖಲಾಯಿತು. ಆ ಬೇಸಿಗೆಯಲ್ಲಿ 'ಇನ್ನು ಮೇಲೆ 40 ನಂಬರ್ ಆಯಿಲ್ ಹಾಕಿಸಬೇಕೇ' ಎಂದು ಕೇಳುವುದು ಸಹಜವೇ. ಆದರೆ ಎಂಜಿನ್ ಬಿಸಿಯಾದ ಮೇಲೆ ಒಳಗಿನ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಹೊರಗೆ ಹಿಮವಿರಲಿ ಬಿಸಿಲಿರಲಿ. ಆ ಬಿಸಿಯನ್ನು ಕಾಯ್ದುಕೊಳ್ಳುವುದು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್‌ಗಳ ಕೆಲಸ.

ಇನ್ನೊಂದು ಭಯ: ತೆಳು ಆಯಿಲ್ ನೀರಿನ ಹಾಗೆ ಹರಿದುಹೋಗಿ ಬೇರಿಂಗ್ ಸವೆದೀತು ಎಂಬುದು. ಲೆಕ್ಕ ಹಾಕಿ ನೋಡಿ. ಕುದಿಬಿಸಿಯಲ್ಲಿ 20ಡಬ್ಲ್ಯೂ-50 ಆಯಿಲ್ ಕೂಡ 20 ಸೆಂಟಿಸ್ಟೋಕ್ಸ್ ಆಸುಪಾಸಿನಲ್ಲಷ್ಟೇ ಇರುತ್ತದೆ. ಜನವರಿಯ ಬೆಳಗ್ಗೆ ಸಟನ್‌ನಲ್ಲಿ ರಾತ್ರಿಯಿಡೀ ಹೊರಗೆ ನಿಂತ ಗಾಡಿಯ 0ಡಬ್ಲ್ಯೂ-30, ನಾವು 'ತೆಳು' ಎಂದು ಮೂಗು ಮುರಿಯುವ ಆಯಿಲ್, ನೂರಾರು ಸೆಂಟಿಸ್ಟೋಕ್ಸ್ ಗಟ್ಟಿಯಿರುತ್ತದೆ. ಅಂದರೆ ಚಳಿಯ ಸ್ಟಾರ್ಟಿಂಗ್ ಹೊತ್ತಿನಲ್ಲಿ ಎಲ್ಲ ಆಯಿಲ್‌ಗಳೂ ಬೇಕಾದ್ದಕ್ಕಿಂತ ಗಟ್ಟಿಯೇ. ಆಗ ಬೇಗ ಮೇಲೇರಿ ಟರ್ಬೊದ ಬೇರಿಂಗ್ ಮುಟ್ಟುವ ಆಯಿಲ್ ಒಳ್ಳೆಯದು. ಬಿಸಿಯಲ್ಲಿ ತಡೆದುಕೊಳ್ಳುವ ಶಕ್ತಿಗೆ ಬೇರೆಯೇ ಅಳತೆಯಿದೆ: 150 ಡಿಗ್ರಿಯಲ್ಲಿ, ಬಿರುಸಾಗಿ ಉಜ್ಜುವಾಗ ಉಳಿಯುವ ಗಟ್ಟಿತನ. 5ಡಬ್ಲ್ಯೂ-30 ಎಂದು ಬರೆದ ಎರಡು ಡಬ್ಬಿಗಳಲ್ಲಿ ಒಂದರದ್ದು 2.9 ಮಿಲಿಪಾಸ್ಕಲ್-ಸೆಕೆಂಡ್ ಇರಬಹುದು, ಇನ್ನೊಂದರದ್ದು 3.5. ಮುಂಭಾಗದ ದೊಡ್ಡ ಅಂಕಿ ಈ ವ್ಯತ್ಯಾಸ ಹೇಳುವುದಿಲ್ಲ. ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಯೂರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ದರ್ಜೆ ಸಿ2 ಎಂದಿದ್ದರೆ ಕನಿಷ್ಠ 2.9, ಸಿ3 ಎಂದಿದ್ದರೆ ಕನಿಷ್ಠ 3.5 ಎಂದು ತಿಳಿಯಬೇಕು. ಆಯಿಲ್ ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ ಎಂದು ನಾನು ಪ್ರತಿ ಸಲವೂ ಹೇಳುವುದು ಇದಕ್ಕೇ.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಡೀಸೆಲ್ ಗಾಡಿಯ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಹೊಗೆಸೋಸಕ ಕೂತಿರುತ್ತದೆ. ಒಂದು ತುದಿ ಮುಚ್ಚಿದ ಸಾವಿರಾರು ಸಣ್ಣ ಕೊಳವೆಗಳಿರುವ ಪಿಂಗಾಣಿಯಂಥ ಇಟ್ಟಿಗೆ ಅದು. ಹೊಗೆ ಗೋಡೆಗಳ ಮೂಲಕ ನುಸುಳಿ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ಮಸಿ ತುಂಬಿದಾಗ ಎಂಜಿನ್ನಿನ ಕಂಪ್ಯೂಟರ್ ಹೊಗೆಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಅದನ್ನು ಸುಡುತ್ತದೆ. ಸುಟ್ಟ ಮಸಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಹಾಗಾದರೆ ಸೋಸಕ ಚಿರಾಯುವಾಗಬೇಕಿತ್ತಲ್ಲ? ಆಗುವುದಿಲ್ಲ, ಕಾರಣ ಆಯಿಲ್. ಎಂಜಿನ್ ಸ್ವಲ್ಪ ಸ್ವಲ್ಪ ಆಯಿಲನ್ನೂ ಸುಡುತ್ತಿರುತ್ತದೆ. ಅದರಲ್ಲಿ ಬೆರೆಸಿದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ರಂಜಕಗಳು ಉರಿದು ಬೂದಿಯಾಗುತ್ತವೆ. ಸೌದೆ ಒಲೆ ಹಚ್ಚಿದವರಿಗೆ ಗೊತ್ತು, ಪಾತ್ರೆಯ ತಳದ ಮಸಿಯನ್ನು ಕೆರೆದು ಬೆಂಕಿಗೆ ಹಾಕಿದರೆ ಅದು ಉರಿದೀತು, ಬೂದಿಯನ್ನು ಎಷ್ಟು ಸಲ ಹಾಕಿದರೂ ಬೂದಿಯೇ. ಸೋಸಕದ ಕೊಳವೆಗಳ ಮುಚ್ಚಿದ ತುದಿಯಲ್ಲಿ ಅದು ಗಟ್ಟಿ ಬಿರಡೆಯಾಗಿ ಕೂರುತ್ತದೆ. ಯಾವ ಬಿಸಿಗೂ ಅದು ಹೋಗುವುದಿಲ್ಲ.

ಎಷ್ಟು ಬೂದಿ? ಇದಕ್ಕೊಂದು ಚೆಂದದ ಪರೀಕ್ಷೆಯಿದೆ. ಆಯಿಲನ್ನು ಸುಟ್ಟು, ಉಳಿದದ್ದಕ್ಕೆ ಗಂಧಕಾಮ್ಲ ಸೇರಿಸಿ, ಮತ್ತೆ ಕಾಯಿಸಿ, ತೂಗುತ್ತಾರೆ. ಎಸಿಇಎ 2021ರಲ್ಲಿ ಕೈಬಿಟ್ಟ ಸಿ1 ದರ್ಜೆಯ ಆಯಿಲ್‌ನಲ್ಲಿ ಬೂದಿ ತೂಕದ 0.5 ಶೇಕಡಾ ಮೀರುವಂತಿರಲಿಲ್ಲ, ಸಿ2 ಮತ್ತು ಸಿ3ರಲ್ಲಿ 0.8 ಮೀರಬಾರದು. ಹಳೆಯ ರೀತಿಯ ಎ3/ಬಿ4 ಆಯಿಲ್‌ನಲ್ಲಿ 1.6ರವರೆಗೂ ಇರಬಹುದು. ಗಾಡಿಯ ಆಯುಷ್ಯದಲ್ಲಿ ಹತ್ತು ಲೀಟರ್ ಆಯಿಲ್ ಉರಿದುಹೋಯಿತು ಎಂದಿಟ್ಟುಕೊಳ್ಳಿ. ಅದು ಸುಮಾರು ಎಂಟೂವರೆ ಕಿಲೊ. ಸಿ1 ಆಗಿದ್ದರೆ ಹೆಚ್ಚೆಂದರೆ 42.5 ಗ್ರಾಂ ಬೂದಿ, ಸಿ3 ಆಗಿದ್ದರೆ 68 ಗ್ರಾಂ, 1.6 ಶೇಕಡಾದ್ದಾದರೆ 136 ಗ್ರಾಂ. ಅಷ್ಟೂ ಸೋಸಕಕ್ಕೆ ಬಂದು ಸೇರುವುದಿಲ್ಲ, ಆದರೆ ಅನುಪಾತ ಹೀಗೇ ಇರುತ್ತದೆ. ಹೊಸ ಸೋಸಕದ ಬೆಲೆ ವಿಚಾರಿಸಿದವರಿಗೆ ಈ ಗ್ರಾಂಗಳ ತೂಕ ಅರ್ಥವಾಗುತ್ತದೆ.

ಬೂದಿ ಕೊಡುವ ಲೋಹಗಳನ್ನು ಬೆರೆಸಿದ್ದಾದರೂ ಏಕೆ ಎಂದು ಕೇಳಬಹುದು. ಡೀಸೆಲ್‌ನ ಗಂಧಕ ಉರಿದಾಗ ಆಮ್ಲ ಹುಟ್ಟುತ್ತದೆ. ಅದನ್ನು ಕೊಲ್ಲುವ ಕ್ಷಾರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಂದ ಬರುತ್ತದೆ. ಗಂಧಕ ಹೆಚ್ಚಿದ್ದ ಕಾಲದಲ್ಲಿ ಕ್ಷಾರವೂ ಹೆಚ್ಚು ಬೇಕಿತ್ತು. ಭಾರತದಲ್ಲಿ ಬಿಎಸ್-3 ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 350 ಭಾಗ ಗಂಧಕಕ್ಕೆ ಅವಕಾಶವಿತ್ತು. ತೋಟದ ಜೀಪಿಗೆ ಬೂದಿ ಹೆಚ್ಚಿದ ಆಯಿಲ್ ಒಗ್ಗಿದ್ದು ಅದಕ್ಕೇ. ಕ್ಷಾರ ಬೇಕಿತ್ತು, ಕಟ್ಟಿಕೊಳ್ಳಲು ಸೋಸಕವಿರಲಿಲ್ಲ. ಯೂರೋಪಿನಲ್ಲಿ 2009ರಿಂದ ರಸ್ತೆ ಡೀಸೆಲ್‌ಗೆ 10 ಭಾಗದ ಮಿತಿ ಬಂತು. ಭಾರತದಲ್ಲಿ ಅದೇ ಮಿತಿ ದೇಶಕ್ಕೆಲ್ಲ ಬಂದದ್ದು 2020ರ ಏಪ್ರಿಲ್ 1ರಂದು, ಬಿಎಸ್-6 ಜೊತೆಗೆ. ಆದ್ದರಿಂದ ಊರಿನಲ್ಲಿ ಅಣ್ಣ ಕೊಂಡ ಹೊಸ ಡೀಸೆಲ್ ಥಾರ್‌ಗೂ ಹಳೆಯ ಜೀಪಿನ ಡಬ್ಬಿ ಆಗದು. ಇದನ್ನು ಫೋನಿನಲ್ಲಿ ಅಣ್ಣನಿಗೆ ಒಪ್ಪಿಸುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟ.

ಸಟನ್‌ನಲ್ಲಿ ಈ ಎರಡು ಕಾಲಗಳು ಒಂದೇ ಬೀದಿಯಲ್ಲಿ ನಿಂತಿವೆ. 2023ರ ಆಗಸ್ಟ್ 29ರಂದು ಲಂಡನ್ನಿನ ಅತಿ ಕಡಿಮೆ ಹೊಗೆಯ ವಲಯ, ಅಂದರೆ ಯೂಲೆಜ್, ನಗರದ ಎಲ್ಲ ಬರೋಗಳಿಗೂ ಹಬ್ಬಿತು. ಯೂರೋ 6 ಮಟ್ಟ ಮುಟ್ಟದ ಡೀಸೆಲ್ ಕಾರು ರಸ್ತೆಗಿಳಿದ ದಿನ 12.50 ಪೌಂಡ್ ಕಟ್ಟಬೇಕು. 40 ವರ್ಷ ದಾಟಿ ಐತಿಹಾಸಿಕ ವಾಹನದ ತೆರಿಗೆ ವರ್ಗಕ್ಕೆ ಸೇರಿದವಕ್ಕೆ ವಿನಾಯಿತಿ. ಹೀಗಾಗಿ ದಿನವೂ ಹಣ ಕಟ್ಟಲು ಒಲ್ಲದವರಿಗೆ ಉಳಿದದ್ದು ಎರಡು ದಾರಿ: ಸೋಸಕವಿರುವ ಯೂರೋ 6 ಗಾಡಿ, ಇಲ್ಲವೇ 1971ರಿಂದ 1985ರ ನಡುವೆ ತಯಾರಾದ ಸೀರೀಸ್ 3 ಲ್ಯಾಂಡ್ ರೋವರ್‌ನಂಥ ಮುದುಕ. ಮುದುಕನಿಗೆ ಅದರ ಪುಸ್ತಕ ಹೇಳುವ ಗಟ್ಟಿ ಮಿನರಲ್ ಆಯಿಲ್ ಹಾಕಿ, ಬೂದಿಯ ಚಿಂತೆ ಬೇಡ. 2.0 ಲೀಟರ್ ಇಂಜೀನಿಯಂ ಡೀಸೆಲ್ ಇರುವ ಹೊಸ ಲ್ಯಾಂಡ್ ರೋವರ್‌ಗೆ ಕಂಪನಿ ಹೇಳುವುದು 0ಡಬ್ಲ್ಯೂ-30, ಎಸ್‌ಟಿಜೆಎಲ್‌ಆರ್ 03.5007 ಎಂಬ ಸಂಖ್ಯೆಯ ಆಯಿಲ್. ನಡುವೆ ಸಿಕ್ಕಿಬಿದ್ದದ್ದು 2012ರಿಂದ 2016ರ ಜನವರಿವರೆಗೆ ಬಂದ 2.2 ಲೀಟರ್ ಡಿಫೆಂಡರ್. ಅದು ಯೂರೋ 5, ಸೋಸಕವಿದ್ದರೂ ಹಣ ಕಟ್ಟಲೇಬೇಕು, ಆಯಿಲ್ ಕೂಡ ಕಡಿಮೆ ಬೂದಿಯದ್ದೇ ಬೇಕು. ಬಡಪಾಯಿ! ಕೆಲವರು ಸಿಟ್ಟಿಗೆದ್ದು ಸೋಸಕವನ್ನೇ ಕಿತ್ತು ಹಾಕಿಸುತ್ತಾರೆ. ಆದರೆ 2014ರಿಂದ ಎಂಒಟಿ ತಪಾಸಣೆಯಲ್ಲಿ, ಮೊದಲಿದ್ದ ಸೋಸಕ ಈಗ ಕಾಣದಿದ್ದರೆ ಗಾಡಿ ಫೇಲು.

'ಆಫ್‌ರೋಡ್ ಡೀಸೆಲ್' ಎಂಬ ಮಾತಿನಿಂದಲೂ ಮೋಸ ಹೋಗಬೇಡಿ. ಹೊಲದ ಯಂತ್ರಗಳ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಎಂಜಿನ್, ಗೇರು, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಎಂಬ ಆಯಿಲ್ ಸಿಗುತ್ತದೆ. ಅದು ನಿಮಗಲ್ಲ, ಕೆಸರಿನಲ್ಲಿ ಓಡಿದರೂ ನಿಮ್ಮ ಗಾಡಿಯ ಎಂಜಿನ್ ಕಾರಿನದ್ದೇ.

ಇನ್ನು ಸಟನ್‌ನ ಖಾಸಾ ತೊಂದರೆ. ಇಲ್ಲಿಗೆ ಬಂದು ನೆಲೆಸುವ ಅನೇಕ ಭಾರತೀಯ ಕುಟುಂಬಗಳ ಕಣ್ಣು ಗ್ರಾಮರ್ ಶಾಲೆಗಳ ಮೇಲೆ: ವಾಲಿಂಗ್ಟನ್‌ನ ವಿಲ್ಸನ್ಸ್, ಚೀಮ್‌ನ ನಾನ್‌ಸಚ್. ಎರಡು ಟನ್ನಿನ ಗಾಡಿ ವಾರವಿಡೀ ಮಗುವನ್ನು ಶಾಲೆಗೆ ಬಿಟ್ಟು ಬರುವುದರಲ್ಲೇ ಕಳೆಯುತ್ತದೆ, ಒಂದೆರಡು ಮೈಲಿ, ಸಾಲು ಸಾಲು ಸಿಗ್ನಲ್. ಸೋಸಕ ಶುಚಿಯಾಗಬೇಕಾದರೆ ಹೊಗೆ ಬಿಸಿಯಾಗಬೇಕು. ಅದಕ್ಕಾಗಿ ಎಂಜಿನ್, ಸ್ಫೋಟ ಮುಗಿದ ಮೇಲೆ ತಡವಾಗಿ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಮುಂದೆ ಕ್ಯಾಟಲಿಸ್ಟ್‌ನಲ್ಲಿ ಉರಿದು ಬಿಸಿ ಕೊಡಬೇಕು. ಆದರೆ ಅಷ್ಟರಲ್ಲಿ ಪಿಸ್ಟನ್ ಕೆಳಗಿಳಿದಿರುತ್ತದೆ. ಚಿಮ್ಮಿದ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಬಡಿದು, ರಿಂಗ್ ಸಂದಿಯಿಂದ ಜಾರಿ, ಕೆಳಗಿನ ಆಯಿಲ್‌ಗೆ ಸೇರುತ್ತದೆ. ಶುದ್ಧೀಕರಣಕ್ಕೆ ಹತ್ತಿಪ್ಪತ್ತು ನಿಮಿಷ ಬೇಕು. ಅರ್ಧಕ್ಕೇ ಶಾಲೆಯ ಗೇಟು ಬರುತ್ತದೆ, ಕೀಲಿ ತಿರುಗುತ್ತದೆ. ಸಂಜೆ ಮತ್ತೆ ಮೊದಲಿನಿಂದ ಶುರು, ಮತ್ತಷ್ಟು ಡೀಸೆಲ್ ಆಯಿಲ್‌ಗೆ.

ಆಯಿಲ್ ಬಿಸಿಯಾದಾಗ ಈ ಡೀಸೆಲ್ ಆವಿಯಾಗಿ ಹೋಗಬೇಡವೇ? ಭಾಗಶಃ ಹೋಗುತ್ತದೆ. ಆದರೆ ಇಲ್ಲಿನ ಬಂಕುಗಳ ಬಿ7 ಡೀಸೆಲ್‌ನಲ್ಲಿ ಶೇಕಡಾ 7ರವರೆಗೆ ಬಯೋಡೀಸೆಲ್ ಇರುತ್ತದೆ. ಅದು ಕುದಿಯುವ ಬಿಸಿ ಹೆಚ್ಚು, ಒಮ್ಮೆ ಆಯಿಲ್‌ಗೆ ಬಿದ್ದರೆ ಮೇಲೇಳುವುದು ಕಷ್ಟ. ಹೀಗೆ ಆಯಿಲ್ ತೆಳುವಾಗುತ್ತ ಹೋಗುತ್ತದೆ, ಮಟ್ಟ ಮಾತ್ರ ಏರುತ್ತದೆ. ಗೇಜು ಕಡ್ಡಿ ತೆಗೆದು ನೋಡಿದವರು 'ಪರವಾಗಿಲ್ಲ, ಆಯಿಲ್ ಕುಡಿಯುವುದೇ ಇಲ್ಲ ನಮ್ಮ ಗಾಡಿ' ಎಂದು ಖುಷಿಪಡುತ್ತಾರೆ. ಡೀಸೆಲ್ ಗಾಡಿಯಲ್ಲಿ ಏರುವ ಮಟ್ಟ ಇಳಿಯುವ ಮಟ್ಟಕ್ಕಿಂತ ಕೆಟ್ಟ ಸುದ್ದಿ. ಮೇಲಿನ ಗುರುತು ದಾಟಿದರೆ ಸ್ವಲ್ಪ ಆಯಿಲ್ ಬಸಿದು ಸಮ ಮಾಡುವುದು ಪರಿಹಾರವಲ್ಲ, ಪೂರ್ತಿ ಬದಲಿಸಬೇಕು. ಹಳೆಯ ರೀತಿಯ ಗಟ್ಟಿ ಆಯಿಲ್ ಹಾಕಿ ಸರಿದೂಗಿಸುತ್ತೇನೆ ಎಂದರೆ ಬೂದಿಯ ಲೆಕ್ಕಕ್ಕೆ ಬೀಳುತ್ತೀರಿ. ಆಗಾಗ ಎ217 ಹಿಡಿದು ಎಂ25ವರೆಗೆ ಹೋಗಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿ ಬನ್ನಿ, ಕಂಪನಿ ಹೇಳಿದ ಗರಿಷ್ಠ ಅವಧಿಗೆ ಕಾಯದೆ ಆಯಿಲ್ ಬದಲಿಸಿ. ಆಯಿಲ್‌ನ ಮೇಲೆ ಮಾಡುವ ಖರ್ಚು, ಟರ್ಬೊದ ಮೇಲೆ ಮಾಡುವ ಖರ್ಚಿನ ಮುಂದೆ ಏನೂ ಅಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಬಹುಬೇಗ ಕಪ್ಪಾಗುತ್ತದೆ. ಮಸಿಯ ಕಣಗಳು ಗುಂಪುಗೂಡದಂತೆ ಆಯಿಲ್ ಅವನ್ನು ಬಿಡಿಬಿಡಿಯಾಗಿ ಹಿಡಿದಿಟ್ಟಿದೆ ಎಂದರ್ಥ, ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ, ಅದು ನೀರು ಸೇರಿದ ಗುರುತು. ತೊರೆ ದಾಟಿ ಬಂದ ಮರುದಿನ ಎಂಜಿನ್ ಮಾತ್ರವಲ್ಲ, ಆಕ್ಸಲ್ಲಿನ ಆಯಿಲನ್ನೂ ನೋಡಿ. ಬೆಟ್ಟದ ಓರೆಯಲ್ಲಿ ಗಾಡಿ ವಾಲಿದಾಗ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯಬಹುದು. ಹಾಗಾಗಿ ಕಾಡುದಾರಿಗೆ ಹೊರಡುವ ಮುನ್ನ ಮಟ್ಟ ಮೇಲಿನ ಗುರುತಿನ ಹತ್ತಿರವಿರಲಿ, ದಾಟದಿರಲಿ. ಬದಲಿಸಿದ ಹಳೆಯ ಆಯಿಲನ್ನು ಕಿಂಪ್ಟನ್ ಪಾರ್ಕ್ ವೇಯಲ್ಲಿರುವ ಮರುಬಳಕೆ ಕೇಂದ್ರಕ್ಕೆ ಒಯ್ಯಿರಿ. ಚರಂಡಿಗೆ ಸುರಿದರೆ ಕಾರ್ಷಾಲ್ಟನ್ ಕೊಳಗಳಲ್ಲಿ ಒಂದು ಕವಲು ಹುಟ್ಟುವ ವಾಂಡಲ್ ಹೊಳೆಗೆ ಸೇರೀತು.

ಆ ಆಯಿಲ್‌ನಲ್ಲಿ ಒಂದು ಸಣ್ಣ ಸೀಸೆಯಷ್ಟನ್ನು ಮಾತ್ರ ಉಳಿಸಿಕೊಳ್ಳಿ. ಬಳಸಿದ ಆಯಿಲನ್ನು ಪರೀಕ್ಷಿಸಿ ವರದಿ ಕೊಡುವ ಪ್ರಯೋಗಾಲಯಗಳು ಬ್ರಿಟನ್ನಿನಲ್ಲೂ ಭಾರತದಲ್ಲೂ ಇವೆ. ಎಂಜಿನ್ ಬಿಸಿಯಿರುವಾಗ ಬೋಲ್ಟ್ ಬಿಚ್ಚಿ, ಮೊದಲ ಗಸಿ ಹರಿದುಹೋದ ಮೇಲೆ ನಡುಧಾರೆಯಿಂದ ಹಿಡಿಯಬೇಕು. ವರದಿಯಲ್ಲಿ ಸಿಲಿಕಾನ್ ಏರಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಬರುತ್ತಿದೆ. ಸೋಡಿಯಂ ಅಥವಾ ಪೊಟ್ಯಾಸಿಯಂ ಏರಿದ್ದರೆ ಕೂಲಂಟ್ ಸೋರುತ್ತಿರುವ ಸಾಧ್ಯತೆ. 100 ಡಿಗ್ರಿಯ ಗಟ್ಟಿತನ ದರ್ಜೆಗಿಂತ ಕೆಳಗಿಳಿದು, ಇಂಧನದ ಪಾಲು ಹೆಚ್ಚಿದ್ದರೆ ಶಾಲೆಯ ಓಡಾಟದ ಫಲ. ಒಂದು ವರದಿಯಿಂದ ಹೆಚ್ಚೇನೂ ತಿಳಿಯದು. ಪ್ರತಿ ಬದಲಾವಣೆಗೂ ಒಂದರಂತೆ ಕೂಡಿಟ್ಟು, ಕಬ್ಬಿಣದ ಅಂಕಿ ಮೈಲಿಗೆ ತಕ್ಕಂತೆ ನಿಧಾನವಾಗಿ ಏರುತ್ತಿದೆಯೋ ಇದ್ದಕ್ಕಿದ್ದಂತೆ ನೆಗೆದಿದೆಯೋ ನೋಡಬೇಕು. ಸಟನ್‌ನ ಗಾಡಿಯದ್ದೂ ಊರಿನ ಥಾರ್‌ನದ್ದೂ ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ಡೀಸೆಲ್ ಎಷ್ಟು ಬೆರೆತಿದೆ, ಇನ್ನೊಂದರಲ್ಲಿ ಕೆಮ್ಮಣ್ಣಿನ ಧೂಳು ಎಷ್ಟು ಸೇರಿದೆ ಎಂದು ಕಂಡ ಮೇಲೆ, ಯಾವ ಆಯಿಲ್ ಒಳ್ಳೆಯದು ಎಂದು ಅಣ್ಣನ ಜೊತೆ ಜಗಳ ಮುಂದುವರಿಸಬಹುದು, ಅಂಕಿಗಳ ಸಮೇತ.