ಹಳೆಯ ವಿಮಾನದ ಮೂಗಿಗೆ ಒಂದು ತೇಪೆ



ಕಳೆದ ಯುಗಾದಿ ಊಟದ ಸಾಲಿನಲ್ಲಿ ಕೆಲವರು ನನ್ನನ್ನು ಕೇಳಿದರು, "ಏನ್ರೀ, ಸಾಫ್ಟ್‌ವೇರ್ ಬಿಟ್ಟು ವಿಮಾನ ರಿಪೇರಿಗೆ ಇಳಿದಿದ್ದೀರಂತೆ?" ಬಿಟ್ಟಿಲ್ಲ, ಇದು ವಾರಾಂತ್ಯದ ಹುಚ್ಚು. ನಾವು ನಾಲ್ಕು ಜನ ಗೆಳೆಯರು ಸೇರಿ 1946ರ ಒಂದು ಸೆಸ್ನಾ 140 ಇಟ್ಟುಕೊಂಡಿದ್ದೇವೆ. ಇಬ್ಬರು ಕೂರುವ ಪುಟ್ಟ ವಿಮಾನ, 85 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ನಮ್ಮ ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ, ಫ್ಲೈಯಿಂಗ್ ಕ್ಲಬ್‌ಗಳ ಅಚ್ಚುಮೆಚ್ಚಿನ 'ಪುಷ್ಪಕ್' ವಿಮಾನದ ಎಂಜಿನ್ ಕೂಡ ಇದೇ ಮನೆತನದ್ದು, 90 ಅಶ್ವಶಕ್ತಿ.

ಎಂಜಿನ್ ಮೇಲಿನ ಅಲ್ಯೂಮಿನಿಯಂ ಹೊದಿಕೆಗೆ ಕೌಲಿಂಗ್ ಎನ್ನುತ್ತಾರೆ. ನೋಡಲು ಕಾರಿನ ಬಾನೆಟ್ ಇದ್ದಂತೆ. ಆದರೆ ಬಾನೆಟ್ ತೆಗೆದಿಟ್ಟರೂ ಕಾರು ಓಡುತ್ತದೆ, ಇದು ಹಾಗಲ್ಲ. ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ, ಗಾಳಿಯೇ ತಂಪು ಮಾಡಬೇಕು. ಮುಂದಿನ ತೂತುಗಳಿಂದ ನುಗ್ಗಿದ ಗಾಳಿ ಸಿಲಿಂಡರ್‌ಗಳ ಮೇಲ್ಗಡೆ ಒತ್ತಡದಲ್ಲಿ ನಿಂತು, ಅವುಗಳ ರೆಕ್ಕೆಗಳ ಸಂದಿಯಲ್ಲಿ ಕೆಳಗಿಳಿದು, ಹಿಂದೆ ಕೆಳಭಾಗದಿಂದ ಹೊರಹೋಗುತ್ತದೆ. ಗಾಳಿ ಅಡ್ಡದಾರಿ ಹಿಡಿಯದಂತೆ ತಡೆಯಲು ತಗಡಿನ ಬ್ಯಾಫಲ್‌ಗಳು, ಅವುಗಳ ಅಂಚಿಗೆ ರಬ್ಬರ್ ಪಟ್ಟಿಗಳು ಇರುತ್ತವೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಬೇಳೆ ಬೇಯುವುದಿಲ್ಲವಲ್ಲ, ಇಲ್ಲಿ ಉಲ್ಟಾ: ಪಟ್ಟಿ ಸಡಿಲವಾದರೆ ಸಿಲಿಂಡರ್ ಬೇಯುತ್ತದೆ! ಪಟ್ಟಿಯ ಅಂಚು ಒತ್ತಡವಿರುವ ಕಡೆಗೇ ಬಾಗಿರಬೇಕು, ಆಗ ಗಾಳಿಯೇ ಅದನ್ನು ಕೌಲಿಂಗ್‌ಗೆ ಒತ್ತಿ ಹಿಡಿಯುತ್ತದೆ. ಇನ್ನು ಸಡಿಲವಾದ ತಗಡು ಹಾರಾಟದಲ್ಲಿ ಕಿತ್ತುಬಂದರೆ ನೇರ ವಿಂಡ್‌ಷೀಲ್ಡ್‌ಗೇ ಬಡಿಯಬಹುದು.

ಇಂಥ ವಿಮಾನಗಳಲ್ಲಿ ಮೊದಲು ಸೋಲುವುದು ಮೂಗಿನ ಭಾಗ. ದಶಕಗಟ್ಟಲೆ ನಡುಗಿದ ತೆಳು ತಗಡಿನಲ್ಲಿ ರಿವೆಟ್ ತೂತಿನಿಂದಲೋ ಮೂಲೆಯಿಂದಲೋ ಬಿರುಕು ಹೊರಡುತ್ತದೆ. ಬಿರುಕಿನ ತುದಿ ಸೂಜಿಯಷ್ಟು ಚೂಪಾಗಿರುವುದರಿಂದ ಎಲ್ಲ ಒತ್ತಡವೂ ಅಲ್ಲೇ ಸೇರಿ, ಅದು ಇನ್ನಷ್ಟು ಮುಂದೆ ಓಡುತ್ತದೆ. ಹಾಗಾಗಿ ಮೊದಲ ಕೆಲಸ, ಆ ತುದಿಯಲ್ಲೇ ಸಣ್ಣ ದುಂಡನೆಯ ತೂತು ಕೊರೆಯುವುದು. ದುಂಡಗಿನ ಅಂಚಿನಲ್ಲಿ ಒತ್ತಡ ಹಂಚಿಹೋಗುತ್ತದೆ. ಆದರೆ ಇದು ತಾತ್ಕಾಲಿಕ. ತೂತು ಕೊರೆದು ಸುಮ್ಮನಾದ ಹಳೆಯ ಕೌಲಿಂಗ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ, ತೂತು ದಾಟಿ ಬಿರುಕು ಮುಂದೆ ಹೋಗಿರುತ್ತದೆ.

ಒಳಗಡೆಯಿಂದ ಅದೇ ಬಗೆಯ ಅಲ್ಯೂಮಿನಿಯಂ ತೇಪೆ ಕೊಟ್ಟು ರಿವೆಟ್ ಹೊಡೆಯಲೇಬೇಕು. ಉಕ್ಕಿನ ತಗಡು ಬೇಡವೇ ಬೇಡ, ತೇವ ತಗುಲಿದರೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಅಳತೆ ಗುರುತಿಗೆ ಸೀಸದ ಕಡ್ಡಿಯನ್ನೂ ಬಳಸಬೇಡಿ! ಅದರಲ್ಲಿರುವ ಗ್ರಾಫೈಟ್ ಕೂಡ ಅದೇ ಕೆಲಸ ಮಾಡುತ್ತದೆ. ಮಕ್ಕಳ ಸ್ಕೆಚ್ ಪೆನ್ ಸಾಕು. ರಿವೆಟ್‌ನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ ಅದರ ವ್ಯಾಸದ ಎರಡರಷ್ಟು ಜಾಗ ಬಿಡಬೇಕು, ಹೊಡೆಯುವ ಮುನ್ನ ಆಚೆ ಕಡೆ ಒಂದೂವರೆಯಷ್ಟು ಚಾಚಿರಬೇಕು.

ತೇಪೆಯ ಮೇಲೆ ತೇಪೆ ಕೂತಿದ್ದರೆ ಭಾಗ ಬದಲಿಸುವುದೇ ವಾಸಿ. ಇಲ್ಲಿ ನಿಜವಾದ ಪಜೀತಿ ಶುರು. ಗುಜರಿಯಲ್ಲಿ ಅದೇ ಮಾದರಿಯ ಮೂಗು ಸಿಕ್ಕರೂ ತೂತಿಗೆ ತೂತು ಕೂಡುವುದಿಲ್ಲ. ಆ ಕಾಲದಲ್ಲಿ ಪ್ರತಿ ವಿಮಾನಕ್ಕೂ ಕೈಯಲ್ಲೇ ಹೊಂದಿಸಿ ಕೊರೆಯುತ್ತಿದ್ದರು. ಒಂದು ಬ್ರ್ಯಾಕೆಟ್ ಅಥವಾ ಬ್ಯಾಫಲ್ ಆದರೆ ಹಳೆಯದನ್ನೇ ಅಚ್ಚಾಗಿಟ್ಟುಕೊಂಡು ಹೊಸದು ಮಾಡಿಕೊಳ್ಳಬಹುದು. ಆದ್ದರಿಂದ ಹಳೆಯ ತುಂಡು ಎಷ್ಟೇ ನಜ್ಜುಗುಜ್ಜಾಗಿದ್ದರೂ ಎಸೆಯಬಾರದು.

"ಯಾರು ಬೇಕಾದರೂ ಮಾಡಬಹುದೇ?" ಎಂದು ಕೇಳುತ್ತೀರಿ. ಅಮೆರಿಕದ ಎಫ್‌ಎಎ ನಿಯಮದ ಪ್ರಕಾರ, ಪೈಲಟ್ ಲೈಸೆನ್ಸ್ ಇರುವ ಮಾಲೀಕ ತನ್ನ ಖಾಸಗಿ ವಿಮಾನದ ಕೌಲಿಂಗ್‌ಗೆ ಗಾಳಿಯ ಹರಿವು ಕೆಡದಂಥ ಸಣ್ಣ ಸರಳ ತೇಪೆಯನ್ನು ತಾನೇ ಹಾಕಿ, ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಬಹುದು. ತನ್ನ ವಿಮಾನಕ್ಕಾಗಿ ಬಿಡಿಭಾಗ ತಯಾರಿಸಲೂ ಮಾಲೀಕನಿಗೆ ಅವಕಾಶವಿದೆ, ಆದರೆ ಅದನ್ನು ಪರಿಶೀಲಿಸಿ ಕೂರಿಸಿ ಸಹಿ ಹಾಕಲು ಅಧಿಕೃತ ಮೆಕ್ಯಾನಿಕ್ ಬೇಕು. ನನ್ನ ಅನಿಸಿಕೆ ಕೇಳಿದರೆ, ತೇಪೆಯನ್ನೂ ಅವರಿಗೆ ತೋರಿಸಿಯೇ ಹಾರಬೇಕು. ನಾವು ಕೋಡ್ ರಿವ್ಯೂ ಮಾಡಿಸುವುದಿಲ್ಲವೇ?

ಕೆಲಸ ಮುಗಿದ ಮೇಲೆ ಕೆಲವು ಗಂಟೆ ಹಾರಿಸಿ, ಕೌಲಿಂಗ್ ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಯಾವುದಾದರೂ ರಿವೆಟ್ ಸುತ್ತ ಹೊಗೆ ಹಿಡಿದಂತೆ ಕಪ್ಪು ಪುಡಿ ಕಂಡರೆ ಅದು ಒಳಗೇ ಅಲುಗಾಡುತ್ತಿದೆ ಎಂದರ್ಥ. ಅದನ್ನು ಕೊರೆದು ತೆಗೆದು, ತೂತು ಅಗಲವಾಗಿದ್ದರೆ ಒಂದು ಅಳತೆ ದಪ್ಪದ್ದನ್ನು ಹಾಕಿ.